ಮಂಜಣ್ಣನ ಫ್ಲ್ಯಾಶಿಲ್ಲದ ಫೋಟೋ

ಅವನ ಅಸಲು ಹೆಸರನ್ನು ನೆಂಟರೆಲ್ಲ ಮರೆತೇಬಿಟ್ಟಿದ್ದರು. ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಕೊಂಡಾಗಿನಿಂದ ಅವನು ಮನೆಯೊಳಗೆ ತೆಗೆದ ಫೋಟೋಗಳಲ್ಲಿ ಮನುಷ್ಯರು ಯಾರು, ಕುರ್ಚಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಎಲ್ಲದರ ಮೇಲೂ ಮಂಜು ಕವಿದ ಹಾಗಿರುತ್ತಿತ್ತು. ಒಂದು ದಿನ ಅಕ್ಕನ ಗಂಡ ತಮಾಷೆಗೆ "ಏನಪ್ಪ ಮಂಜಣ್ಣ" ಅಂದರು. ಹೆಸರು ಅಂಟಿಕೊಂಡಿತು. ವೃತ್ತಿಯಲ್ಲಿ ಅವನು ಟೈಲರ್. ಹೊಲಿಗೆ ಯಂತ್ರದ ಮುಂದೆ ಕೂದಲೆಳೆಯಷ್ಟೂ ಆಚೀಚೆಯಾಗದ ಕೈ, ಕ್ಯಾಮೆರಾ ಹಿಡಿದರೆ ಮಾತ್ರ ಗಡಗಡ ನಡುಗುತ್ತಿತ್ತು.

ಇವತ್ತು ಆ ಹೆಸರನ್ನು ಕಳಚಿಕೊಳ್ಳಲೇಬೇಕೆಂದು ಪಣ ತೊಟ್ಟು ಬಂದಿದ್ದ. ದೊಡ್ಡಮ್ಮನ ಹುಟ್ಟುಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿದ್ದರು. ಫ್ಲ್ಯಾಶ್ ಬಿದ್ದರೆ ದೊಡ್ಡಮ್ಮನ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಮನೆಯ ಆಲ್ಬಮ್ಮಿನ ತುಂಬ ಆಕೆ ನಿಂತಲ್ಲೇ ನಿದ್ದೆ ಮಾಡುತ್ತಿದ್ದಳು.

"ಕಣ್ಣು ಬಿಟ್ಟಿರೋದು ಒಂದೇ ಒಂದು ಫೋಟೋ ಬೇಕು ಕಣೋ. ಅಜ್ಜಿ ಎಚ್ಚರವಾಗಿದ್ಲು ಅಂತ ಮೊಮ್ಮಕ್ಕಳಿಗೆ ಗೊತ್ತಾಗ್ಲಿ," ಎಂದಳು.

ಕ್ಯಾಮೆರಾದ ಜೊತೆ ಬಂದ ಪುಸ್ತಕವನ್ನು ಮಂಜಣ್ಣ ಅರೆದು ಕುಡಿದಿದ್ದ. ಬೆಳಕು ಕಮ್ಮಿಯಿದ್ದರೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ. ಅಷ್ಟು ಹೊತ್ತು ಅದೂ ಅಲುಗಬಾರದು, ಎದುರಿಗಿದ್ದವರೂ ಅಲುಗಬಾರದು. ಫ್ಲ್ಯಾಶ್ ಆರಿಸಿ, ಎಲ್ಲರನ್ನೂ ಕಿಟಕಿಯ ಬೆಳಕಿಗೆ ಮುಖ ಮಾಡಿ ಬೆಂಚಿನ ಮೇಲೆ ಕೂರಿಸಿದ.

"ಫ್ಲ್ಯಾಶಿಲ್ದೆ ಬರೀ ಕತ್ತಲೆ ಬರುತ್ತೆ," ಎಂದು ಎದುರುಮನೆಯ ಮೇಷ್ಟ್ರು ಮೂಗು ತೂರಿಸಿದರು. ಸಹಾಯವಾಗಲೆಂದು ಟಾರ್ಚನ್ನು ದೊಡ್ಡಮ್ಮನ ಮುಖಕ್ಕೇ ಬಿಟ್ಟರು. ದೊಡ್ಡಮ್ಮ ಗಪ್ಪನೆ ಕಣ್ಣು ಮುಚ್ಚಿದಳು.

ಟಾರ್ಚ್ ಒಳಗೆ ಹೋಯಿತು, ಮೇಷ್ಟ್ರೂ ಬೆಂಚಿನ ತುದಿಯಲ್ಲಿ ಕೂತರು. ಮಂಜಣ್ಣ ಮೊಣಕೈಗಳನ್ನು ಪಕ್ಕೆಗೊತ್ತಿ, "ಈಗ ಉಸಿರು ಬಿಗಿ ಹಿಡೀಬೇಕು" ಎಂದುಕೊಂಡ. ಅಂದುಕೊಂಡದ್ದು ಸ್ವಲ್ಪ ಜೋರಾಯಿತು. ತಮಗೇ ಹೇಳಿದ್ದೆಂದು ಸಾಲಿಗೆ ಸಾಲೇ ಉಸಿರು ಕಟ್ಟಿ ಕೂತಿತು. ಭಾವನ ಮುಖ ಹಣ್ಣಾದ ಟೊಮೆಟೊ ಥರ ಕೆಂಪಗಾಯಿತು. ಕೊನೆಗೆ ಮೇಷ್ಟ್ರಿಗೆ ತಡೆಯಲಾಗದೆ ಕೆಮ್ಮು ಬಂತು, ಅವರ ಜೊತೆ ಇಡೀ ಬೆಂಚು ಅಲ್ಲಾಡಿತು.

"ಮಂಜು ಇನ್ನೂ ಕರಗಿಲ್ಲ," ಎಂದರು ಭಾವ, ಫೋಟೋ ನೋಡಿ.

ಮಂಜಣ್ಣನಿಗೆ ಅಳು ಬರುವಂತಾಯಿತು. ಆಗ ಹೆಂಡತಿ ಮೆಲ್ಲಗೆ, "ರೀ, ನಿಮ್ಮ ಕೈಯೇ ತಾನೆ ನಡುಗೋದು? ಅದನ್ನೇ ದೂರ ಇಟ್ಬಿಡಿ," ಎಂದಳು.

ಸರಿ ಅನ್ನಿಸಿತು. ಅವಳು ಚಿಂದಿಬಟ್ಟೆಯ ಒಂದು ಗಂಟು ಕಟ್ಟಿಕೊಟ್ಟಳು. ಎತ್ತರದ ಸ್ಟೂಲಿನ ಮೇಲೆ ಗಂಟು, ಗಂಟಿನ ಗುಳಿಯಲ್ಲಿ ಕ್ಯಾಮೆರಾ. ಟೈಮರ್ ಇಟ್ಟು ಬಟನ್ ಒತ್ತಿ ಕೈ ತೆಗೆದರೆ ಮುಗಿಯಿತು, ಸ್ವಲ್ಪ ಹೊತ್ತಿನ ಮೇಲೆ ಅದೇ ತೆಗೆದುಕೊಳ್ಳುತ್ತದೆ. ಒತ್ತಿದ. ಕೆಂಪು ದೀಪ ಮಿನುಗತೊಡಗಿತು.

"ನೀನೂ ಬಾರೋ. ನೀನಿಲ್ದಿರೋ ಫೋಟೋ ನನಗ್ಯಾಕೆ," ಎಂದಳು ದೊಡ್ಡಮ್ಮ.

ಮಂಜಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿದ. ಅವನು ದೊಡ್ಡಮ್ಮನ ಪಕ್ಕ ಸೇರಿಕೊಳ್ಳುವುದಕ್ಕೂ ಕ್ಯಾಮೆರಾ ಕ್ಲಿಕ್ಕೆನ್ನುವುದಕ್ಕೂ ಸರಿಹೋಯಿತು.

ಎಲ್ಲರೂ ಪುಟ್ಟ ಪರದೆಗೆ ಮುಗಿಬಿದ್ದರು. ದೊಡ್ಡಮ್ಮ ಕಣ್ಣರಳಿಸಿ ನಗುತ್ತಿದ್ದಳು. ದೊಡ್ಡದು ಮಾಡಿ ನೋಡಿದರೆ ಕಣ್ಣೊಳಗೆ ಕಿಟಕಿಯ ಸರಳೂ ಕಾಣುತ್ತಿತ್ತು. ಭಾವ ಬೆಳಿಗ್ಗೆ ಗಡ್ಡ ಹೆರೆಯುವಾಗ ಬಿಟ್ಟುಹೋದ ಕೂದಲನ್ನು ಎಣಿಸಬಹುದಿತ್ತು.

"ಇನ್ಮೇಲೆ ನಿನ್ನ ಮಂಜಣ್ಣ ಅನ್ನಲ್ಲಪ್ಪ, ತಪ್ಪಾಯ್ತು," ಎಂದರು ಭಾವ. ಮಂಜಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೆಂಡತಿ ದೊಡ್ಡದಾಗಿದ್ದ ಚಿತ್ರವನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲೇನು, ಕರ್ಟನ್ ಹಾರಿದ್ಯಾ?" ಎಂದರು ಮೇಷ್ಟ್ರು.

ದೊಡ್ಡಮ್ಮನ ಪಕ್ಕದಲ್ಲಿ ನೀಲಿ ಹೊಗೆಯೊಂದು ಎದ್ದಿತ್ತು. ಹೊಗೆಗೆ ಎರಡು ಕಿವಿಗಳಿದ್ದವು. ಮಂಜಣ್ಣ ತನ್ನ ನೀಲಿ ಶರ್ಟನ್ನೊಮ್ಮೆ ನೋಡಿಕೊಂಡ. ಭಾವ ಕೊಟ್ಟ ಮಾತಿಗೆ ಕಟ್ಟುಬಿದ್ದು ತುಟಿ ಕಚ್ಚಿಕೊಂಡು ನಿಂತರು.

"ಇನ್ನೊಂದ್ಸಲ ತೆಗಿತೀನಿ ದೊಡ್ಡಮ್ಮ. ಇದನ್ನ ಅಳಿಸಿಬಿಡೋಣ."

ದೊಡ್ಡಮ್ಮ ಕ್ಯಾಮೆರಾವನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಮುಟ್ಟಿದ್ರೆ ನೋಡು. ನಾಳೆನೇ ಇದನ್ನ ದೊಡ್ಡದು ಮಾಡ್ಸಿ ಬಾಗಿಲ ಎದುರಿಗೆ ಹಾಕಿಸ್ತೀನಿ. ಬಂದೋರು ಕೇಳಿದ್ರೆ ನಾನೇ ಹೇಳ್ತೀನಿ ಬಿಡು, ಈ ಮಂಜು ನಮ್ಮ ಮಗನೇ ಅಂತ."