ಹುಳದ ಮನೆಯಲ್ಲಿ ಇಂಜಿನ್ನು

ಚಕ್ರದ ಬದಲು ಚೈನಿನ ಮೇಲೆ ಓಡುವ ಚನ್ನಕೇಶವನ ಹಳೇ ಟ್ರಾಕ್ಟರಿಗೆ ಹೊಸ ಚಾಳಿಯೊಂದು ಹತ್ತಿಕೊಂಡಿತ್ತು. ಸಮತಟ್ಟಾದ ಕಡೆ ಸಾಧುವಿನಂತೆ ನಡೆಯುತ್ತಿತ್ತು. ಗೇಣುದ್ದದ ಉಬ್ಬು ಎದುರಾದರೆ ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತೇ ಹೊರತು ಚೈನು ಇದ್ದಲ್ಲಿಂದ ಕದಲುತ್ತಿರಲಿಲ್ಲ. ಥೇಟ್ ಗ್ರಾಮಸಭೆ.

ಬೇರೆಯವರಾಗಿದ್ದರೆ ಗಾಡಿಯನ್ನು ಬೈದು ಸುಮ್ಮನಾಗುತ್ತಿದ್ದರು. ಚನ್ನಕೇಶವನಿಗೆ ಒಳಗೆ ಏನಾಗಿದೆಯೆಂದು ನೋಡದೆ ಗಂಟಲಲ್ಲಿ ಮುದ್ದೆ ಇಳಿಯದು. ಈ ಗುಣದ ದೆಸೆಯಿಂದ ಮನೆಯಲ್ಲಿ ಒಂದು ಮಿಕ್ಸಿ, ಎರಡು ಗಡಿಯಾರ, ಬೋರ್‌ವೆಲ್ಲಿನ ಸ್ಟಾರ್ಟರ್ ಪೆಟ್ಟಿಗೆ ಇವೆಲ್ಲ ಬಿಚ್ಚಿಸಿಕೊಂಡ ಸ್ಥಿತಿಯಲ್ಲೇ ನಿವೃತ್ತಿ ಹೊಂದಿದ್ದವು.

ಸಾದಲಿಯ ಮೆಕ್ಯಾನಿಕ್ ನಲ್ಲಪ್ಪ ವಾರದ ಹಿಂದೆಯೇ ಬಂದು, ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ, ತೀರ್ಪು ಕೊಟ್ಟಿದ್ದ: "ಕ್ಲಚ್ ಜಾರ್ತಾ ಐತಣ್ಣ. ಕ್ಲಚ್ ನೋಡ್ಬೇಕು ಅಂದ್ರೆ ಇಂಜಿನ್ ಇಳಿಸ್ಬೇಕು. ಇಂಜಿನ್ ನೇತು ಹಾಕಕ್ಕೆ ಗಟ್ಟಿ ಗರ್ಡರ್ ಬೇಕು."

ಊರಿನಲ್ಲಿ ಅಂಥ ಕಬ್ಬಿಣದ ತೊಲೆ ಇದ್ದದ್ದು ಒಂದೇ ಕಡೆ. ಅದು ಚನ್ನಕೇಶವನದೇ ರೇಷ್ಮೆ ಹುಳದ ಮನೆ. ಆದರೆ ಅದು ಹೆಂಡತಿ ವೆಂಕಟರತ್ನಮ್ಮನ ಸಾಮ್ರಾಜ್ಯ. ಆಕೆ ನಿನ್ನೆಯಷ್ಟೇ ಅದನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಸುಣ್ಣ ಬಳಿದು, ಬೀಗ ಜಡಿದಿದ್ದಳು. ಇವತ್ತು ಬೆಳಿಗ್ಗೆ ತವರೂರು ಚಿಂತಾಮಣಿಯ ಬಸ್ಸು ಹತ್ತುವಾಗಲೂ ಹೇಳಿದ್ದಳು: "ಚಾಕಿ ಹುಳ ತಗೊಂಡು ಸಾಯಂಕಾಲ ಐದಕ್ಕೆಲ್ಲ ಬರ್ತೀನಿ. ಮರಿ ಹುಳ ಕಣ್ರೀ, ಬೀಡಿ ವಾಸನೆ ಬಂದ್ರೂ ಸಾಯ್ತವೆ. ನೀವು ಆ ಕಡೆ ತಲೆ ಹಾಕಿದ್ರೋ, ಈ ಬೆಳೆ ಹೋದಂಗೇ."

ಹುಳ ಬಂದರೆ ಇನ್ನು ಒಂದು ತಿಂಗಳು ಆ ಬಾಗಿಲು ಕಾಣುವಂತಿಲ್ಲ. ತಿಂಗಳು ಪೂರ್ತಿ ಕ್ಲಚ್ಚಿನ ಒಳಗೆ ಏನಿದೆಯೆಂದು ತಿಳಿಯದೆ ಬದುಕುವುದೆಂತು? "ಎರಡು ಗಂಟೆ ಕೆಲ್ಸ ಅಣ್ಣ," ಎಂದಿದ್ದ ನಲ್ಲಪ್ಪ. ಬಸ್ಸು ತಿರುವು ದಾಟುವುದರೊಳಗೆ ಚನ್ನಕೇಶವ ತಾಯಿ ಅಮ್ಮಾಜಮ್ಮನ ಮುಂದೆ ನಿಂತಿದ್ದ. ಬೀಗದ ಕೈ ಆಕೆಯ ಸೊಂಟದಲ್ಲಿತ್ತು.

"ಒರೇಯ್ ಚೆನ್ನಾ, ನಿನ್ ಹೆಂಡ್ತಿ ನನ್ನ ಕೊಲ್ತಾಳೆ ಕಣೋ," ಎಂದಳು ಮುದುಕಿ. ಒಂದು ಕ್ಷಣ ಯೋಚಿಸಿ, "ಇಂಜಿನ್ ತೆಗೆದ್ರೆ ಒಳಗಡೆ ಪೂರ್ತಿ ಕಾಣ್ತದಾ?" ಎಂದು ಕೇಳಿದಳು.

"ಪೂರ್ತಿ ಕಾಣ್ತದಮ್ಮ."

ಬೀಗದ ಕೈ ಕೈ ಬದಲಾಯಿಸಿತು. ಚನ್ನಕೇಶವನ ಗುಣ ಯಾರ ಕಡೆಯಿಂದ ಬಂದದ್ದೆಂಬುದು ಹೀಗೆ ಇತ್ಯರ್ಥವಾಯಿತು.

ನಲ್ಲಪ್ಪನನ್ನು ಕರೆಸಿ, ಗೋಣಿಚೀಲ ಹಾಸಿ ಗಾಡಿಯನ್ನು ಒಳಗೆ ತಂದರು. ಬಾನೆಟ್ ಹೋಯಿತು, ರೇಡಿಯೇಟರ್ ಹೋಯಿತು, ಪೈಪುಗಳು ಕರುಳಿನಂತೆ ಒಂದೊಂದಾಗಿ ಈಚೆ ಬಂದವು. ಬೋಲ್ಟುಗಳು ಕಲಸಿ ಹೋಗಬಾರದೆಂದು ಚನ್ನಕೇಶವ ಅವನ್ನು ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಸುರುಳಿಯಲ್ಲಿ ಸಾಲಾಗಿ ಜೋಡಿಸಿದ. ಮಧ್ಯಾಹ್ನದ ಹೊತ್ತಿಗೆ ಚಂದ್ರಿಕೆ ತುಂಬ ಕಬ್ಬಿಣದ ಗೂಡು.

ಪಕ್ಕದ ಮನೆಯ ಕೋನಪ್ಪ ಬಂದ. ಹುಳದ ಮನೆಗೆ ಕಾಲಿಡುವ ಮೊದಲು ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದುವುದು ಪದ್ಧತಿ. ಕೋನಪ್ಪ ಅದ್ದಿದ, ಇಂಜಿನ್ನಿಗೆ ಸೋಂಕು ತಗುಲಬಾರದಲ್ಲ. ಅವನ ಹಿಂದೆ ಅರ್ಧ ಊರು ಪಾದ ಅದ್ದಿಕೊಂಡು ಸರದಿಯಲ್ಲಿ ಬಂತು.

"ಏಮಯ್ಯಾ ನಲ್ಲಪ್ಪ, ಇದು ಗೇರ್‌ಬಾಕ್ಸ್ ಪ್ರಾಬ್ಲಮ್ಮು. ಗೇರ್‌ಬಾಕ್ಸ್ ಬಿಚ್ಚು."

"ಕೋನಪ್ಪಣ್ಣ, ನೀನು ಟ್ರಾಕ್ಟರ್ ಯಾವಾಗ್ ರಿಪೇರಿ ಮಾಡಿದ್ದೆ?"

"ಮಾಡಿಲ್ಲ. ಆದ್ರೆ ಕೆಡಿಸಿದೀನಿ, ನಾಲ್ಕು."

ಗರ್ಡರಿಗೆ ನೇತುಹಾಕಿದ ಚೈನ್ ಪುಲ್ಲಿ ಎಳೆದಂತೆ ಇಂಜಿನ್ ಮೆಲ್ಲಗೆ ಎದ್ದಿತು. ಎಲ್ಲರ ಕತ್ತುಗಳೂ ಅದರ ಜೊತೆಗೇ ಮೇಲೆದ್ದವು. ಹಿಂಬದಿ ಹೇಗಿದೆಯೆಂದು ನೋಡಲು ಕೋನಪ್ಪ ಅದನ್ನು ಒಂದಿಷ್ಟೇ ತಳ್ಳಿದ. ಟನ್ ತೂಕದ ಇಂಜಿನ್ ತೊಟ್ಟಿಲಿನಂತೆ ತೂಗಿ, ಹೊಸ ಸುಣ್ಣದ ಗೋಡೆಗೆ ಮಾರುದ್ದದ ಕಪ್ಪು ಎಣ್ಣೆ ಬಳಿದು ವಾಪಸ್ಸು ಬಂತು. ಆಗ ಎರಡೂವರೆ ಗಂಟೆ.

ನಲ್ಲಪ್ಪ ಕ್ಲಚ್ಚಿನೊಳಗೆ ಟಾರ್ಚ್ ಬಿಟ್ಟ. ನೋಡಿದ. ತಲೆ ಕೆರೆದುಕೊಂಡ. ಮತ್ತೆ ನೋಡಿದ.

"ಏನಪ್ಪಾ?" ಚನ್ನಕೇಶವ ಅವನ ಭುಜದ ಮೇಲಿಂದ ಬಗ್ಗಿದ.

"ಪ್ಲೇಟ್‌ಗಳು ಚಿನ್ನದಂಗವೆ ಅಣ್ಣ. ಈ ರಿಂಗ್ ಒಂದು ಸಡಿಲ ಆಗೈತೆ, ಅಷ್ಟೇ." ಕೈ ಹಾಕಿ ಅದನ್ನು ಬಿಗಿ ಮಾಡಿದ. ಎರಡು ನಿಮಿಷವೂ ಆಗಲಿಲ್ಲ.

ಅಷ್ಟರಲ್ಲಿ ಅಮ್ಮಾಜಮ್ಮ ಡ್ರೈವರ್ ಕಾಲಿಡುವ ಜಾಗದ ಪುಟ್ಟ ತಗಡಿನ ಮುಚ್ಚಳ ಎತ್ತಿ ಕಣ್ಣು ಕಿರಿದು ಮಾಡಿ ಇಣುಕುತ್ತಿದ್ದಳು. "ನಲ್ಲಪ್ಪಾ, ಇಲ್ಲಿಂದ್ಲೂ ನಿನ್ ಕೈ ಕಾಣ್ತದಲ್ಲೋ!"

ನಲ್ಲಪ್ಪ ನೆಲ ನೋಡಿದ. "ಹೌದಜ್ಜಿ. ಈ ರಿಂಗ್ ಟೈಟ್ ಮಾಡಕ್ಕೇ ಆ ಮುಚ್ಚಳ ಮಡಗಿರೋದು. ಇಂಜಿನ್ ಇಳಿಸೋದು ಬೇಕಾಗಿರ್ಲಿಲ್ಲ."

ಬೈಯಲು ಸಮಯವಿರಲಿಲ್ಲ. ಬಿಚ್ಚಲು ಐದು ತಾಸು ಹಿಡಿದದ್ದನ್ನು, ವೆಂಕಟರತ್ನಮ್ಮನ ಭಯದಲ್ಲಿ, ಊರಿನವರೆಲ್ಲ ಸೇರಿ ಒಂದೂವರೆ ತಾಸಿನಲ್ಲಿ ಜೋಡಿಸಿದರು. ಗಾಡಿ ಚಾಲೂ ಆಯಿತು. ಕಪ್ಪು ಹೊಗೆಯಲ್ಲಿ ಕೋನಪ್ಪ ಎರಡು ನಿಮಿಷ ಕಾಣೆಯಾದ. ಚನ್ನಕೇಶವ ಗಾಡಿಯನ್ನು ಈಚೆ ತಂದು ಬೇಕೆಂದೇ ಹಿತ್ತಲಿನ ದಿಬ್ಬ ಹತ್ತಿಸಿದ. ಅದು ಮೇಕೆಯಂತೆ ಹತ್ತಿತು! ಆನಂದಪಡಲು ಅವನಿಗೆ ಅರ್ಧ ನಿಮಿಷ ಸಿಕ್ಕಿತು. ಆಮೇಲೆ ಕಿಟಕಿ ತೆರೆ, ನೆಲ ಉಜ್ಜು, ಗೋಡೆಗೆ ಸುಣ್ಣ ಬಳಿ, ಚಂದ್ರಿಕೆ ತೊಳೆ, ಮೂರು ಬಕೆಟ್ ಬ್ಲೀಚಿಂಗ್ ಸುರಿ. ಡೀಸೆಲ್ಲಿನ ವಾಸನೆ ಬ್ಲೀಚಿಂಗಿನ ವಾಸನೆಗೆ ಹೆದರಿ ಓಡಿತು.

ಐದೂ ಹತ್ತಕ್ಕೆ ಟೆಂಪೋ ಬಂದು ನಿಂತಾಗ ನಲ್ಲಪ್ಪ ಹಿಪ್ಪುನೇರಳೆ ತೋಟದೊಳಗೆ ಬಚ್ಚಿಟ್ಟುಕೊಂಡಿದ್ದ. ಚನ್ನಕೇಶವ ಸ್ನಾನ ಮಾಡಿ, ವಿಭೂತಿ ಇಟ್ಟು, ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದ. ಬೀಗ ಬಾಗಿಲಲ್ಲಿ, ಬೀಗದ ಕೈ ಮುದುಕಿಯ ಸೊಂಟದಲ್ಲಿ.

ವೆಂಕಟರತ್ನಮ್ಮ ನಗುತ್ತಾ ಇಳಿದಳು. ಹುಳದ ತಟ್ಟೆಗಳು ಕಾಣಲಿಲ್ಲ. ಹಿಂದಿನಿಂದ ಅವಳ ತಮ್ಮ ಚಿರಂಜೀವಿ ಇಳಿದ. ಚಿಂತಾಮಣಿಯಲ್ಲಿ ಜೆಸಿಬಿ, ಡೋಜರ್ ರಿಪೇರಿ ಮಾಡುವವನು. ಅವನ ಹಿಂದೆ ಒಂದು ಚೈನ್ ಪುಲ್ಲಿ, ಎರಡು ಟೂಲ್ ಪೆಟ್ಟಿಗೆ ಇಳಿದವು.

"ಹುಳ?" ಎಂದ ಚನ್ನಕೇಶವ.

"ಸೊಪ್ಪು ಇನ್ನೂ ಎಳೇದು, ಹದಿನೈದು ದಿನ ಬಿಟ್ಟು ತರಣ ಅಂತ ಬಿಟ್ಟು ಬಂದೆ. ಅಲ್ಲೀತನಕ ಹುಳದ ಮನೆ ಖಾಲಿ ತಾನೆ? ವಾರದಿಂದ ಕ್ಲಚ್ಚು ಕ್ಲಚ್ಚು ಅಂತ ಊಟ ಬಿಟ್ಟಿದ್ರಲ್ಲ. ಗಾಡಿ ಒಳಗೆ ತಂದು ಇಂಜಿನ್ ಇಳಿಸ್ಕೊಳ್ಳಿ. ಬೇಕಾದ್ರೆ ಆಮೇಲೆ ಇನ್ನೊಂದ್ಸಲ ತೊಳ್ಕೋತೀನಿ."

ಚನ್ನಕೇಶವ ಪೇಪರಿನ ಹಿಂದಿನಿಂದಲೇ ಹೇಳಿದ. "ಏನೂ ಬೇಡ ಕಣೇ. ಗಾಡಿ ಈಗ ಚೆನ್ನಾಗೈತೆ."

"ನಿನ್ನೆ ತನಕ ಇದ್ದ ತೊಂದ್ರೆ ಇವತ್ತು ಹೆಂಗ್ರೀ ಹೋಯ್ತು? ನೀವೇನಾದ್ರೂ ಬಿಚ್ಚಿದ್ರಾ?"

"ಛೇ ಛೇ! ನಾನ್ಯಾಕೆ ಬಿಚ್ಲಿ?"

"ಹಂಗಾದ್ರೆ ತೊಂದ್ರೆ ಇದ್ದಂಗೇ ಐತೆ."

ಈ ತರ್ಕದಲ್ಲಿ ಸೂಜಿ ತೂರುವಷ್ಟೂ ಜಾಗವಿರಲಿಲ್ಲ. ಚನ್ನಕೇಶವ ತಾಯಿಯತ್ತ ನೋಡಿದ. ಆಕೆ ತುಂಬ ಆಸ್ಥೆಯಿಂದ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಬೇಲಿಯಾಚೆ ನಿಂತಿದ್ದ ಕೋನಪ್ಪನತ್ತ ನೋಡಿದ, ಅವನಿಗೆ ಆಕಾಶದಲ್ಲಿ ಏನೋ ಕಂಡಿತ್ತು.

ಚಿರಂಜೀವಿ ಅಂಗಿಯ ತೋಳು ಮಡಚಿ ಸ್ಪ್ಯಾನರ್ ಕೈಗೆತ್ತಿಕೊಂಡ. "ಬಾವಾ, ಟೆನ್ಷನ್ ಮಾಡ್ಕೋಬೇಡಿ. ಎರಡು ಗಂಟೆ ಕೆಲ್ಸ. ನೀವು ಇಂಜಿನ್ ಇಳಿಸೋದು ಯಾವತ್ತಾದ್ರೂ ನೋಡಿದೀರಾ?"

ಚನ್ನಕೇಶವ ಪೇಪರ್ ಮಡಚಿ ಪಕ್ಕಕ್ಕಿಟ್ಟ.

"ಇಲ್ಲಪ್ಪ," ಎಂದ. "ನೋಡ್ಬೇಕು ಅಂತ ಬಹಳ ದಿನದಿಂದ ಆಸೆ."