ಒಂಬತ್ತಿಂಚು ಕಮ್ಮಿ

ಪಾಂಡವಪುರದ ನಾಗರಾಜಾಚಾರ್ರಿಗೆ ಆ ಬುಧವಾರ ಬಂದೊದಗಿದ ಫಜೀತಿಗೆಲ್ಲ ಕಾರಣ ಬರೀ ಒಂಬತ್ತಿಂಚು. ಮೂವತ್ತು ವರ್ಷ ಮರಗೆಲಸ ಮಾಡಿದ ಕೈ ಅವರದು. ಅವರು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಕಿರ್ ಎನ್ನುತ್ತಿರಲಿಲ್ಲ. ಅಂಥವರ ಅಳತೆ ತಪ್ಪುವುದೆಂದರೆ ಪುರೋಹಿತರಿಗೆ ಮಂತ್ರ ಮರೆತ ಹಾಗೆ.

ನಾಗಾರ್ಜುನ ಎಂಬ ಯುವಕ ಫೋನಿನಲ್ಲೇ ನಾಲ್ಕು ಪೆಟ್ಟಿಗೆಗೆ ಹೇಳಿದ್ದ. ಮೂರಡಿ ಉದ್ದ, ಎರಡಡಿ ಅಗಲ, ಒಂದೂಕಾಲು ಅಡಿ ಎತ್ತರ. ತಳಕ್ಕೆ ಹಲಗೆ ಬೇಡ, ಕಂಬಿ ಜಾಲರಿ ಸಾಕು. ಏತಕ್ಕೆಂದು ಮಾತ್ರ ಹೇಳಿರಲಿಲ್ಲ. ಎದುರಿನ ಇಡ್ಲಿ ಅಂಗಡಿ ಅಣ್ಣಮ್ಮ ಮೊಲಕ್ಕಿರಬೇಕು ಎಂದಳು. ಪಕ್ಕದ ಮನೆಯ ಲಗೇಜ್ ಆಟೋ ರಂಗಸ್ವಾಮಿ, "ಟೊಮೊಟೊ ಒಣಗ್ಸಾಕೆ ಕಣ್ ಬುಡಿ ಆಚಾರ್ರೆ" ಎಂದು ತೀರ್ಪು ಕೊಟ್ಟು, ಪೆಟ್ಟಿಗೆಗಳನ್ನು ತನ್ನ ಆಟೋಕ್ಕೆ ಏರಿಸಿದ.

ಕೆ.ಆರ್.ಪೇಟೆ ರಸ್ತೆಯಿಂದ ಒಳಗೆ ಒಂದು ಹಳೇ ಕೋಳಿ ಶೆಡ್ಡು. ಹತ್ತಿರ ಹೋಗುತ್ತಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಒಳಗೆ ಕೋಳಿಯೂ ಇಲ್ಲ, ಟೊಮೊಟೊವೂ ಇಲ್ಲ. ಕಂಬಿ ಗೂಡುಗಳಲ್ಲಿ ಇಕ್ಕಟ್ಟಾಗಿ ಹದಿನೈದು ಲ್ಯಾಬ್ರಡಾರ್ ನಾಯಿಗಳು, ಎಲ್ಲವೂ ಹೆಣ್ಣು. ಕೆಲವುಗಳ ಹೊಟ್ಟೆಗೆ ಮರಿಗಳು ಜೋತುಬಿದ್ದಿದ್ದವು. ಅವುಗಳಿಗೆ ಅನ್ನ ಹಾಕುವ ಚಿಕ್ಕಬೋರಮ್ಮ ಬಂದು, "ಹಳೇ ಗೂಡು ನಾಕು ತುಕ್ಕಿಡ್ದು ಮುರ್ದೋದ್ವು. ನೆನ್ನೆ ಗುಜರಿಗಾಕ್ದೆ. ಇವು ನಾಕ್ನೂ ನಿಮ್ ಪೆಟ್ಗೆಗೆ ಬುಡ್ಬೇಕು" ಎಂದಳು.

ಒಂದು ಕಂದು ನಾಯಿಯನ್ನು ಒಳಗೆ ಬಿಟ್ಟರು. ಅದು ನಿಲ್ಲಲು ಹೋಯಿತು, ಬೆನ್ನು ತಾಗಿತು. ಧಾರೆಗೆ ನಿಂತ ಮದುಮಗಳ ಹಾಗೆ ಕತ್ತು ಬಗ್ಗಿಸಿ ಆಚಾರ್ರನ್ನು ನೋಡಿತು.

ಆಚಾರ್ರು ಪೆಟ್ಟಿಗೆಯ ಪಕ್ಕ ಕುಕ್ಕರಿಸಿದರು. ಟೇಪು ಹಿಡಿದು ನೋಡಿದರು. ಇನ್ನೂ ಒಂಬತ್ತಿಂಚು ಬೇಕು. ತಕ್ಷಣ ನಾಗಾರ್ಜುನನಿಗೆ ಫೋನು ಮಾಡಿದರು.

"ಸಾಮಿ, ಎಲ್ಲೋ ಅಳತೆ ತಪ್ಪೋಗದೆ. ಒಂಬತ್ತಿಂಚು ಕಮ್ಮಿ. ನಾಯಿ ನಿಂತ್ಕೊಳಕಾಯ್ತಿಲ್ಲ."

"ತಪ್ಪಿಲ್ಲ ಆಚಾರ್ರೆ. ನಿಂತ್ಕೊಂಡು ಅವಕ್ಕೇನಾಗ್ಬೇಕು? ಮಲಗ್ಲಿ, ಮರಿ ಹಾಕ್ಲಿ. ಮರಿ ದೊಡ್ಡದಾದ್ರೆ ಬೆಂಗಳೂರಿಗೆ ಹೋಗುತ್ತೆ, ಇದು ಮತ್ತೆ ಮರಿ ಹಾಕುತ್ತೆ. ಅಷ್ಟೇ ಕೆಲಸ."

ಆಚಾರ್ರು ಟೇಪು ಸುತ್ತಿಕೊಂಡರು. "ಇದ್ಯಾರ್ ಮಾಡಿದ್ದು ಅಂತ ನಾಳೆ ಯಾರಾನಾ ಕೇಳುದ್ರೆ ನನ್ ಹೆಸ್ರು ತಾನೆ ಏಳೋದು? ನಾನು ಎತ್ತರ ಮಾಡ್ಕೊಡ್ತೀನಿ. ದುಡ್ಡು ಜಾಸ್ತಿ ಬ್ಯಾಡ."

"ಏನಾದ್ರೂ ಮಾಡ್ಕೊಳ್ರಿ, ನಾನು ಮೀಟಿಂಗಲ್ಲಿದೀನಿ" ಎಂದು ಫೋನು ಕಟ್ಟಾಯಿತು. ಆಚಾರ್ರು ಇದನ್ನು ಒಪ್ಪಿಗೆ ಎಂದು ತಿಳಿದುಕೊಂಡರು.

ಖಾಲಿ ಪೆಟ್ಟಿಗೆಗಳನ್ನು ಆಟೋಕ್ಕೆ ಏರಿಸಹೊರಟರೆ ಚಿಕ್ಕಬೋರಮ್ಮ ಅಡ್ಡ ಬಂದಳು. "ಬರೀ ಪೆಟ್ಗೆ ತಗೊಂಡೋದ್ರೆ ಅಳ್ತೆ ಎಂಗ್ ನೋಡೀರಿ? ಟೈಲ್ರು ಮೈ ನೋಡ್ದೆ ಬಟ್ಟೆ ಒಲಿತಾನಾ?"

ಆಚಾರ್ರಿಗೆ ಅದೂ ಸರಿಯೆನ್ನಿಸಿತು. ಅವರು ಹೂಂ ಎನ್ನುವಷ್ಟರಲ್ಲಿ ಅವಳು ನಾಲ್ಕೂ ನಾಯಿಗಳನ್ನು ಎತ್ತಿ ಆಟೋದಲ್ಲಿ ಕೂರಿಸಿಯಾಗಿತ್ತು. ಒಂದೊಂದರ ಕಿವಿ ಸವರಿ, "ಎಲ್ಲಾವ್ನೂ ಕರ್ಕೊಂಡೋಗಿದ್ರೆ ಒಳ್ಳೇದಿತ್ತು" ಎಂದಳು. ಆಟೋ ಚಿಕ್ಕದು ಎಂದು ರಂಗಸ್ವಾಮಿ ಹೇಳಿದ.

ಆಚಾರ್ರ ಹೆಂಡತಿ ರಾಧಾಮಣಿಗೆ ನಾಯಿ ಎಂದರೆ ಆಗದು. ಆಟೋ ನಿಂತದ್ದೇ ಸೊಂಟಕ್ಕೆ ಕೈಯಿಟ್ಟು, "ಇದೇನ್ರೀ ಇದು, ದಿಬ್ಬಣ?" ಎಂದಳು.

"ಅಳ್ತೆಗೆ ಬಂದವೆ ಕಣೆ. ಸಾಯಂಕಾಲಕ್ಕೆ ವಾಪಸ್ ಓಯ್ತವೆ."

ನಾಯಿಗಳನ್ನು ಇಳಿಸಿದರೆ ಅವಕ್ಕೆ ನಡೆಯಲು ಬಾರದು. ಕಾದ ಕಲ್ಲಿನ ಮೇಲಿದ್ದ ಹಾಗೆ ಒಂದೊಂದೇ ಕಾಲೆತ್ತಿ ಇಡುತ್ತಿದ್ದವು. ಕಂದು ನಾಯಿ ಹೇಗೋ ಮರದ ಹೊಟ್ಟಿನ ಗುಡ್ಡೆ ತಲುಪಿ, ಮೂಸಿ ನೋಡಿ, ಮೆಲ್ಲಗೆ ಅಡ್ಡಾಯಿತು. ಮುಂಗಾಲು ಚಾಚಿತು, ಹಿಂಗಾಲು ಚಾಚಿತು. ಏನೂ ತಾಗಲಿಲ್ಲ. ಇನ್ನಷ್ಟು ಚಾಚಿ, ಉದ್ದಕ್ಕೆ ಉಸಿರುಬಿಟ್ಟಿತು. ಅದರ ಅಂಗಾಲಿನಲ್ಲಿ ಜಾಲರಿಯ ಗೆರೆಗೆರೆಯೇ ಹುಣ್ಣಾಗಿತ್ತು.

ಬಯ್ಯಲೆಂದು ಬಾಯಿ ತೆರೆದಿದ್ದ ರಾಧಾಮಣಿ ಅದನ್ನು ನೋಡಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಅರಿಸಿನ, ಕೊಬ್ಬರಿ ಎಣ್ಣೆ ಇತ್ತು. ಅಣ್ಣಮ್ಮ ಮಿಕ್ಕ ಇಡ್ಲಿ ತಂದಳು. ರಂಗಸ್ವಾಮಿ ಫೋಟೊ ತೆಗೆದು, ತಾನಿರುವ ಹನ್ನೆರಡು ಗ್ರೂಪಿಗೂ ಹಾಕಿದ. ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಬಂತು. ಅವರ ಹಿಂದೆಯೇ ಪಶುವೈದ್ಯೆ ಪವಿತ್ರಾ ಬಂದಳು. ಅವಳು ಕರೆದದ್ದರಿಂದ ಪೊಲೀಸು ಬಂತು. ಕೊನೆಗೆ ಫೋಟೊ ನೋಡಿ ನಾಗಾರ್ಜುನನೂ ಕಾರಿನಲ್ಲಿ ಬಂದಿಳಿದು, "ನನ್ನ ನಾಯಿ ಕದ್ದಿದಾನೆ ಸಾರ್ ಇವನು" ಎಂದ. ಸರಿ, ಎಲ್ಲರೂ ಸ್ಟೇಷನ್ನಿಗೆ ನಡೆದರು.

ಇನ್ಸ್‌ಪೆಕ್ಟರು ಸಮಾಧಾನದ ಮನುಷ್ಯ. "ನಾಯಿಗಳು ನಿಮ್ಮವೇ ಏನ್ರಿ?" ಎಂದು ನಾಗಾರ್ಜುನನನ್ನು ಕೇಳಿದರು.

"ನಮ್ಮವೇ ಸಾರ್."

"ಒಳ್ಳೇದಾಯ್ತು. ನಾಯಿ ತಳಿ ಮಾಡೋ ಲೈಸೆನ್ಸು ಕೊಡಿ. ಹಿಂಸೆ ಕೊಟ್ಟಿದಾರೆ ಅಂತ ಡಾಕ್ಟ್ರು ದೂರು ಬರೆದಿದಾರೆ, ಮಾಲೀಕರ ಹೆಸರೊಂದು ಖಾಲಿ ಇದೆ."

ನಾಗಾರ್ಜುನ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಸರಿಸಿಕೊಂಡ. "ನಮ್ಮವಲ್ಲ ಸಾರ್. ಶೆಡ್ಡು ಮಾತ್ರ ನಂದು. ಬಾಡಿಗೆಗೆ ಕೊಟ್ಟಿದ್ದೆ. ನಾಯಿಗಳೆಲ್ಲ ಈ ಆಚಾರ್ರದೇ." ಹಾಗೆಂದು ಬರೆದೂ ಕೊಟ್ಟು, ಕಾರು ಹತ್ತಿ ಹೋದ.

ಆಚಾರ್ರು ಪವಿತ್ರಾಳ ಕಡೆ ತಿರುಗಿದರು. "ನಂದಲ್ಲ ತಾಯಿ. ಅಳ್ತೆಗ್ ತಂದಿದ್ದು."

ಪವಿತ್ರಾ ಅವರನ್ನು ಪಕ್ಕಕ್ಕೆ ಕರೆದಳು. "ನಂಗೊತ್ತು ಆಚಾರ್ರೆ. ಆದ್ರೆ ಅವನು ತನ್ನವಲ್ಲ ಅಂತ ಕೈಯಾರೆ ಬರೆದಿದಾನೆ. ಇನ್ನು ಜನ್ಮದಲ್ಲಿ ಕೇಳೋ ಹಾಗಿಲ್ಲ. ನೀವು ಹೂಂ ಅಂತ ಸೈನ್ ಹಾಕಿದ್ರೆ ಇವು ಬಚಾವು. ಒಳ್ಳೆ ಮನೆ ಹುಡುಕೋಣ. ದೂರಿನಲ್ಲಿ ನಿಮ್ಮ ಹೆಸರು ಬರದಂಗೆ ನೋಡ್ಕೊಳೋದು ನನ್ನ ಜವಾಬ್ದಾರಿ. ನಾಳೆ ಬೆಳಿಗ್ಗೆ ಶೆಡ್ಡಿಗೂ ಹೋಗ್ತೀವಿ."

ಆಚಾರ್ರು ನಾಲ್ಕು ನಾಯಿಗಳ ಮುಖ ನೆನೆದು ಸೈನ್ ಹಾಕಿದರು.

ಮನೆ ಹುಡುಕುವುದು ಅವರು ಹೆದರಿದಷ್ಟು ಕಷ್ಟವಾಗಲಿಲ್ಲ. ಬೆಳಿಗ್ಗೆಯಿಂದ ಇಡ್ಲಿ ತಿನ್ನಿಸಿದ್ದ ಅಣ್ಣಮ್ಮ ಒಂದನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ರಂಗಸ್ವಾಮಿ, "ಆಟೋದಲ್ಲಿ ಜೊತೆಗಿರ್ಲಿ ಬುಡಿ" ಎಂದು ಇನ್ನೊಂದನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ಮೂರನೆಯದು ಪವಿತ್ರಾಳ ಮನೆಗೆ ಹೋಯಿತು. ಕಂದು ನಾಯಿಯ ವಿಷಯ ರಾಧಾಮಣಿಯನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅದು ಅವಳ ಸೆರಗಿನ ಮೇಲೆಯೇ ತಲೆಯಿಟ್ಟು ಗೊರಕೆ ಹೊಡೆಯುತ್ತಿತ್ತು.

ಪೆಟ್ಟಿಗೆಯ ದುಡ್ಡು ಹೋಯಿತು, ಒಂದು ದಿನದ ಕೆಲಸ ಹೋಯಿತು, ಮನೆಗೊಂದು ನಾಯಿ ಬಂತು. ಇಷ್ಟಕ್ಕೇ ಮುಗಿಯಿತಲ್ಲ ಎಂದು ಆಚಾರ್ರು ಜಗುಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತರು. ದೀಪ ಹಚ್ಚುವ ಹೊತ್ತು. ಬೀದಿಯ ತುದಿಯಿಂದ ಒಂದು ಟ್ರಾಕ್ಟರು ಬಂದು ಸರಿಯಾಗಿ ಅವರ ಮನೆ ಮುಂದೆ ನಿಂತಿತು. ಟ್ರೈಲರಿನ ಅಂಚಿನ ಮೇಲೆ ಸಾಲಾಗಿ ಹನ್ನೊಂದು ಮೂತಿ. ಅವುಗಳ ನಡುವೆ ಮಡಿಲ ತುಂಬ ಮರಿ ಇಟ್ಟುಕೊಂಡು ಚಿಕ್ಕಬೋರಮ್ಮ.

"ಶೆಡ್ ಯಜಮಾನ ಫೋನ್ ಮಾಡಿದ್ದ" ಎಂದಳು. "ನಾಯ್ಗೊಳೆಲ್ಲ ಆಚಾರ್ರದೇ, ಟೇಸನ್ನಲ್ಲಿ ಬರ್ದಾಗದೆ, ಡಾಕ್ಟ್ರು ಬರೋ ಒಳ್ಗೆ ಒಂದ್ ಮರೀನೂ ಶೆಡ್ನಲ್ಲಿ ಇರ್ಕೂಡ್ದು, ಎಲ್ಲಾವ್ನೂ ಅವ್ರ ಮನೆಗೇ ಒಡ್ಕೊಂಡೋಗು ಅಂದ."

ಆಚಾರ್ರು ಕಾಫಿ ಲೋಟ ಕೆಳಗಿಟ್ಟರು. ಅವರು ತಿರುಗಿ ಹೆಂಡತಿಯ ಕಡೆ ನೋಡಿದರು. ರಾಧಾಮಣಿ ಅಷ್ಟರಲ್ಲಿ ಸೆರಗು ಸಿಕ್ಕಿಸಿಕೊಂಡು ಟ್ರೈಲರಿನ ಹಿಂಬಾಗಿಲ ಕೊಂಡಿ ಬಿಚ್ಚುತ್ತಿದ್ದಳು.

"ಇನ್ನೊಂದ್ ಮಾತು ಆಚಾರ್ರೆ" ಎಂದಳು ಚಿಕ್ಕಬೋರಮ್ಮ, ಇಳಿದು ಜಗುಲಿಗೆ ಬಂದು ಮರಿಗಳನ್ನು ಒಂದೊಂದಾಗಿ ಅವರ ಮಡಿಲಿಗೆ ದಾಟಿಸುತ್ತ. "ನನ್ಗೂ ಅಲ್ಲಿ ಕೆಲ್ಸ ಓಯ್ತು. ಇವು ನನ್ ಬುಟ್ಟು ಬ್ಯಾರೆಯೋರ್ ಕೈಲಿ ಉಣ್ಣಾಕಿಲ್ಲ. ನನ್ ಚಾಪೆ ಎಲ್ಲಿ ಆಸ್ಕೊಳ್ಲಿ?"