ಮೇಲೆ ಮಲಗಿದ್ದಾರೆ

ಎಲ್ಲಕ್ಕೂ ಮೂಲ ಒಂದು ಅರ್ಜಿ.

ಗಡಿಯಾರ ರಿಪೇರಿ ಮಾಡುವ ಅವನನ್ನು ಊರೆಲ್ಲ ಗಡಿಯಾರದಣ್ಣ ಎಂದೇ ಕರೆಯುತ್ತಿತ್ತು. ಅವನ ಮನೆಯೆದುರು ಒಂದು ಹಿಟ್ಟಿನ ಗಿರಣಿ. ಹಗಲೊಂದು ಪಾಳಿ, ರಾತ್ರಿಯೊಂದು ಪಾಳಿ. ಗಡಗಡ ಎನ್ನುವುದು ನಿಂತದ್ದೇ ಇಲ್ಲ. ಮೂವತ್ತು ವರ್ಷ ಅವನ ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡೇ ಸಂಸಾರ ಮಾಡಿದಳು. ಕೊನೆಗೊಂದು ದಿನ ಅವಳು ಒಕ್ಕಣೆ ಹೇಳಿದಳು, ಅವನು ತನ್ನ ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ಬರೆದ, ಬೀದಿಯವರೆಲ್ಲ ಸಹಿ ಹಾಕಿದರು. ಮೊದಲ ಸಹಿ ಅವನದೇ. ಗಿರಣಿ ಊರಾಚೆಗೆ ಹೋಯಿತು. ಬೀದಿಯವರು ಅವನನ್ನು ಕುರ್ಚಿಯ ಮೇಲೆ ಕೂರಿಸಿ ಬಾಯ್ತುಂಬ ಹೊಗಳಿದರು.

ಅವತ್ತು ರಾತ್ರಿ ಮಲಗಿದಾಗಲೇ ಅವನಿಗೆ ತಿಳಿದದ್ದು, ತಾನು ಮೂವತ್ತು ವರ್ಷ ಬೈದದ್ದು ತನ್ನ ಜೋಗುಳವನ್ನೇ ಎಂದು. ಮನೆಯ ತುಂಬ ಮೌನ. ಆ ಮೌನದಲ್ಲಿ ತನ್ನ ರೆಪ್ಪೆ ಮುಚ್ಚುವ ಸದ್ದೂ ಅವನಿಗೆ ಕೇಳಿಸುವಂತಿತ್ತು. ಒಂದು ದಿನವಲ್ಲ, ಎರಡು ದಿನವಲ್ಲ, ನಲವತ್ತು ದಿನ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಅವನ ಹೊರಳಾಟಕ್ಕೆ ಹೆಂಡತಿಗೂ ನಿದ್ದೆಯಿಲ್ಲ. ಗಿರಣಿ ಹೋದರೂ ಅವಳ ಕಿವಿಯಿಂದ ಹತ್ತಿ ಹೋಗಲಿಲ್ಲ.

ಕೈ ನಡುಗತೊಡಗಿತು. ಚಿಮಟದಲ್ಲಿ ಹಿಡಿದ ಸ್ಕ್ರೂ ಹಾರಿ ಎಲ್ಲೋ ಬೀಳುತ್ತಿತ್ತು. ಹೋದ ವಾರ ಹೆಡ್‌ಮಾಸ್ತರ ಗಡಿಯಾರಕ್ಕೆ ದೊಡ್ಡ ಮುಳ್ಳನ್ನೂ ಚಿಕ್ಕ ಮುಳ್ಳನ್ನೂ ಅದಲುಬದಲು ಮಾಡಿ ಕೊಟ್ಟುಬಿಟ್ಟಿದ್ದ. ಅವರು ಹತ್ತು ಗಂಟೆಗೇ ಊಟದ ಬೆಲ್ ಹೊಡೆಸಿದರು. ಇನ್ನೊಂದು ತಿಂಗಳು ಹೀಗೇ ಕಳೆದರೆ ಅಂಗಡಿ ಮುಚ್ಚುವುದೊಂದೇ ದಾರಿ. ಹಾಗಂತ ಸತ್ಯ ಹೇಳುವಂತೆಯೂ ಇಲ್ಲ. ಅರ್ಜಿ ಬರೆದ ಕೈಯಲ್ಲೇ 'ಗಿರಣಿ ವಾಪಸು ತನ್ನಿ' ಎಂದು ಬರೆಯುವುದು ಹೇಗೆ?

ಆಗ ಅವನಿಗೆ ಮೀನುಗಾರರ ಬಂದರು ನೆನಪಾಯಿತು. ಹಿಂದೊಮ್ಮೆ ಅಲ್ಲಿನ ಕಚೇರಿಯ ಗೋಡೆ ಗಡಿಯಾರ ಸರಿಮಾಡಲು ಏಣಿ ಹತ್ತಿದ್ದ. ಕೆಳಗೆ ಐಸ್ ಪುಡಿ ಮಾಡುವ ಯಂತ್ರ, ಪಕ್ಕದಲ್ಲಿ ಹರಾಜಿನ ಕೂಗು, ಆಚೆ ದೋಣಿಗಳ ಇಂಜಿನ್. ಗಡಿಯಾರಕ್ಕೆ ಕೆನ್ನೆ ಒರಗಿಸಿ ಏಣಿಯ ಮೇಲೆಯೇ ಗೊರಕೆ ಹೊಡೆದಿದ್ದ. ಇಬ್ಬರು ಹತ್ತಿ ಇಳಿಸಬೇಕಾಯಿತು.

"ಸಮುದ್ರದ ಗಾಳಿ ನಿದ್ದೆಗೆ ಒಳ್ಳೇದಂತೆ ಕಣೇ. ಬಂದರಿನ ಹತ್ರ ಒಂದು ಮನೆ ನೋಡ್ತೀನಿ," ಎಂದ ಹೆಂಡತಿಗೆ.

"ನೋಡಿ. ನಾನು ನಾಲ್ಕು ಗಂಟೆ ಬಸ್ಸಿಗೆ ಬರ್ತೀನಿ. ಆದ್ರೆ ಸದ್ದಿರೋ ಕಡೆ ಮಾತ್ರ ಬೇಡ."

ಅವನು ತಲೆಯಾಡಿಸಿದ. ಹೆಂಡತಿಯ ಮಾತಿಗೆ ಆ ತಲೆ ತಾನಾಗಿಯೇ ಆಡುತ್ತಿತ್ತು. ಮೊದಲು ಒಂದು ನಿದ್ದೆ ತೆಗೆಯೋಣ, ಮಿಕ್ಕದ್ದು ಎದ್ದ ಮೇಲೆ ನೋಡಿಕೊಳ್ಳೋಣ ಎಂದು ಬೆಳಗಿನ ಬಸ್ಸು ಹತ್ತಿದ.

ನಲವತ್ತು ದಿನ ನಿದ್ದೆಗೆಟ್ಟವನಿಗೆ ಬಂದರು ಅರ್ಧ ಕನಸಿನ ಹಾಗೆ ಕಂಡಿತು. ದೋಣಿಗಳು ನೀರಿನ ಮೇಲಿವೆಯೋ ಮಂಜಿನ ಮೇಲಿವೆಯೋ ತಿಳಿಯಲಿಲ್ಲ. ಬುಟ್ಟಿ ಹೊತ್ತ ಹೆಂಗಸರು ನೆಲ ಮುಟ್ಟದೆ ತೇಲಿಹೋದಂತೆ ಕಂಡರು. ಚಹಾದಂಗಡಿಯ ಬೆಂಚಿನ ಮೇಲೆ ಕೂತಾಗ ಲೋಟದೊಳಗೊಂದು ಸೂರ್ಯ ಮೆಲ್ಲಗೆ ಓಲಾಡುತ್ತಿದ್ದ.

"ಕಣ್ಣು ಯಾಕಣ್ಣ ಅಷ್ಟು ಕೆಂಪಗಿದೆ?" ಎಂದಳು ಅಂಗಡಿಯ ಅಕ್ಕ.

"ನಿದ್ದೆ ಇಲ್ಲಕ್ಕ. ನಲವತ್ತು ದಿನ ಆಯ್ತು. ಇಲ್ಲೆಲ್ಲಾದ್ರೂ ಒಂದು ಮನೆ ಬಾಡಿಗೆಗೆ ಸಿಕ್ಕಿದ್ರೆ..."

ಅಷ್ಟು ಸಾಕಾಯಿತು. ಅಕ್ಕನ ಕಿವಿಗೆ ಬಿದ್ದದ್ದು ಬಂದರಿನ ಕಿವಿಗೆ ಬಿದ್ದಂತೆ. ಚಹಾ ಆರುವುದರೊಳಗೆ ಸುತ್ತ ಎಂಟು ಜನ. ಒಬ್ಬ ಅಂಗಾಲಿಗೆ ಎಣ್ಣೆ ತಿಕ್ಕು ಎಂದ. ಇನ್ನೊಬ್ಬ ಸಾವಿರದಿಂದ ಹಿಂದಕ್ಕೆ ಎಣಿಸು ಎಂದ. ಗಡಿಯಾರದಣ್ಣ ಸೊನ್ನೆ ದಾಟಿ ಆಚೆಗೂ ಎಣಿಸಿ ನೋಡಿದ್ದವನು, ಸುಮ್ಮನೆ ತಲೆಯಾಡಿಸಿದ.

"ಪಾಪ, ಇವರಿಗೆ ಬೇಕಾಗಿರೋದು ನಿಶ್ಶಬ್ದ," ಎಂದು ಅಕ್ಕ ತೀರ್ಪು ಕೊಟ್ಟಳು. "ಬಲೆಯಜ್ಜ, ಗುಡ್ಡದ ಮೇಲಿನ ನಿನ್ನ ಕೋಣೆ ತೋರಿಸು."

ಬಲೆಯಜ್ಜ ಎಂದರೆ ಹರಿದ ಬಲೆ ಹೆಣೆಯುವ ಮುದುಕ. ನೂರಾ ಹತ್ತು ಮೆಟ್ಟಿಲು ಹತ್ತಿಸಿ ಅವನು ಬಾಗಿಲು ತೆರೆದ. ಬಿಳಿ ಗೋಡೆ, ಒಂದು ಕಿಟಕಿ, ದೂರದಲ್ಲಿ ಚಿತ್ರದಂಥ ಸಮುದ್ರ.

"ಇಲ್ಲಿ ಇರುವೆ ನಡೆದ್ರೂ ಕೇಳುತ್ತೆ," ಎಂದ ಅಜ್ಜ ಹೆಮ್ಮೆಯಿಂದ.

ಗಡಿಯಾರದಣ್ಣ ಹೊಸಿಲಿನಾಚೆಗೇ ನಿಂತ. "ಚೆನ್ನಾಗಿದೆ ಅಜ್ಜ. ಆದ್ರೆ ಗಾಳಿ ಸ್ವಲ್ಪ ಜಾಸ್ತಿ," ಎಂದ.

ಅಜ್ಜ ಬೇಸರಿಸಲಿಲ್ಲ. ನೂರಾ ಹತ್ತು ಮೆಟ್ಟಿಲು ಇಳಿಸಿ ಬಲೆಗಳ ಗೋದಾಮಿಗೆ ಕರೆದೊಯ್ದ. ಅದರ ಹಿಂದೊಂದು ಕೋಣೆ. ಛಾವಣಿಯಿಂದ ನೆಲದವರೆಗೂ ನೀಲಿ ಬಲೆ, ಹಸಿರು ಬಲೆ. ಸಮುದ್ರದ ತಳದಲ್ಲಿ ನಡೆಯುತ್ತಿರುವಂತೆ ಇಬ್ಬರೂ ಅವುಗಳನ್ನು ಸರಿಸಿಕೊಂಡು ಹೋದರು. ಗಡಿಯಾರದಣ್ಣ ಕೆಮ್ಮಿದ. ಕೆಮ್ಮು ಬಾಯಿಂದ ಹೊರಟು ಎಲ್ಲಿಗೂ ತಲುಪಲಿಲ್ಲ. ಅಷ್ಟು ಬಲೆಗಳು ಸೇರಿ ಅದನ್ನು ನುಂಗಿಬಿಟ್ಟವು.

"ಹೇಗಿದೆ?"

"ಗಾಳಿ ಸ್ವಲ್ಪ ಕಡಿಮೆ ಅಜ್ಜ."

ಅಜ್ಜ ಅವನ ಮುಖವನ್ನೊಮ್ಮೆ ನೋಡಿದ. ಆಮೇಲೆ ಅಕ್ಕನ ಬಳಿ ವರದಿ ಒಪ್ಪಿಸಲು ಹೋದ.

ಅಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಸಿಕ್ಕಿದ್ದೇ ಸಮಯವೆಂದು ಗಡಿಯಾರದಣ್ಣ ಸದ್ದಿನ ಜಾಡು ಹಿಡಿದು ಹೊರಟ. ದೋಣಿಗಳು ಬಂದು ನಿಲ್ಲುವ ಧಕ್ಕೆಯ ಪಕ್ಕದಲ್ಲೇ ಹರಾಜಿನ ಕಟ್ಟೆ. ಅದಕ್ಕೆ ಅಂಟಿಕೊಂಡು ಐಸ್ ಯಂತ್ರ. ಯಂತ್ರದ ನೆತ್ತಿಯ ಮೇಲೆ ಒಂದು ಕೋಣೆ, ಬಾಗಿಲಲ್ಲಿ 'ಬಾಡಿಗೆಗೆ ಇದೆ' ಎಂಬ ಹಲಗೆ. ಅಕ್ಷರಗಳು ಬಿಸಿಲಿಗೆ ಮಾಸಿ ಹಲಗೆಯ ಬಣ್ಣವೇ ಆಗಿಹೋಗಿದ್ದವು. ಮೆಟ್ಟಿಲಿಗೆ ಕಾಲಿಟ್ಟದ್ದೇ ತಡ, ಅಡಿಯಿಂದ ಗಡಗಡ ಎಂದು ಬಂದ ನಡುಕ ಮೊಣಕಾಲು ಹತ್ತಿ, ಬೆನ್ನು ಹತ್ತಿ, ಹಲ್ಲಿನವರೆಗೂ ಬಂತು. ಅವನಿಗೆ ತಾಯಿಮನೆಗೆ ಬಂದಷ್ಟು ಸಂತೋಷವಾಯಿತು.

ಕೋಣೆಯ ಯಜಮಾನ ಹರಾಜು ಕೂಗುವವನೇ. ಹೆಸರು ಯಾವಾಗಲೋ ಮರೆತುಹೋಗಿ ಎಲ್ಲರ ಬಾಯಲ್ಲೂ ಗುಡುಗಪ್ಪನಾಗಿದ್ದ. ಅವನು ಕೂಗಿದರೆ ತಕ್ಕಡಿಯ ತಟ್ಟೆ ಅಲುಗುತ್ತಿತ್ತು.

"ಬೇಡಣ್ಣ," ಎಂದ ಗುಡುಗಪ್ಪ ಪ್ರಾಮಾಣಿಕವಾಗಿ. "ಆರು ವರ್ಷದಿಂದ ಖಾಲಿ ಬಿದ್ದಿದೆ. ಹೋದ ಸಲ ಬಂದವನು ಅರ್ಧ ಗಂಟೆಗೆ ಓಡಿಹೋದ. ಚಪ್ಪಲಿ ಕೂಡ ಬಿಟ್ಟು ಹೋಗಿದಾನೆ, ಅಗೋ ಅಲ್ಲಿದೆ ನೋಡಿ. ನಿಮಗೆ ನಿದ್ದೆ ಬೇರೆ ಇಲ್ಲವಂತೆ."

"ಪರವಾಗಿಲ್ಲಪ್ಪ. ಇಲ್ಲಿ ಗಾಳಿ ಸರಿಯಾಗಿದೆ."

ಅಷ್ಟರಲ್ಲಿ ಅಕ್ಕನೂ ಬಲೆಯಜ್ಜನೂ ಓಡಿಬಂದರು. ಮೂವರೂ ಹೇಳುವಷ್ಟು ಹೇಳಿದರು. ಗಡಿಯಾರದಣ್ಣ ಜಗ್ಗಲಿಲ್ಲ. "ಈ ಕೋಣೆ ಸಾಕು. ನನ್ನಿಂದ ಯಾರಿಗೂ ತೊಂದರೆ ಬೇಡ," ಎಂದು ಮುಂಗಡ ಕೊಟ್ಟು ಬೀಗದ ಕೈ ತೆಗೆದುಕೊಂಡೇಬಿಟ್ಟ.

ಕೊನೆಯ ಆ ಮಾತು ಮಾತ್ರ ಆಡಬಾರದಿತ್ತು. ಅಕ್ಕನ ಕಣ್ಣಲ್ಲಿ ನೀರಾಡಿತು. "ನೋಡಿದ್ಯಾ ಅಜ್ಜ, ಗಾಳಿ ಜಾಸ್ತಿ, ಗಾಳಿ ಕಡಿಮೆ ಅಂದಿದ್ದೆಲ್ಲ ನೆಪ. ಒಳ್ಳೇ ಕೋಣೆ ಬೇರೆಯವರಿಗಿರಲಿ ಅಂತ ಯಾರಿಗೂ ಬೇಡವಾಗಿದ್ದನ್ನ ತಗೊಂಡ್ರು. ಎಂಥಾ ಸಂಕೋಚದ ಮನುಷ್ಯ." ಗಡಿಯಾರದಣ್ಣನಿಗೆ ಇದು ಕೇಳಿಸಲಿಲ್ಲ. ಅವನು ಒಳಗೆ ಹೋಗಿ ಚಾಪೆ ಬಿಡಿಸುತ್ತಿದ್ದ.

ತಲೆ ನೆಲಕ್ಕೆ ತಾಗಿತು. ಕೆಳಗೆ ಐಸ್ ಗಡಗಡ ಪುಡಿಯಾಗುತ್ತಿತ್ತು. ಹೊರಗೆ ಗುಡುಗಪ್ಪ ಗುಡುಗುತ್ತಿದ್ದ. ಇಂಜಿನ್‌ಗಳು ಡುಗುಡುಗು ಎನ್ನುತ್ತಿದ್ದವು. ನಲವತ್ತು ದಿನದ ನಿದ್ದೆ ಒಟ್ಟಿಗೇ ಬಂದು ಅವನನ್ನು ಎತ್ತಿಕೊಂಡಿತು.

ಕನಸಿನಲ್ಲಿ ಆಕಾಶದಷ್ಟು ದೊಡ್ಡ ಗಿರಣಿ. ಬೆಳ್ಳಗೆ ಹಿಟ್ಟು ಉದುರುತ್ತ ಉದುರುತ್ತ ಸಮುದ್ರವೇ ಆಗಿತ್ತು. ಅದರ ಮೇಲೆ ಅವನು ಗೋಡೆ ಗಡಿಯಾರವೊಂದನ್ನು ದೋಣಿ ಮಾಡಿಕೊಂಡು, ದೊಡ್ಡ ಮುಳ್ಳಿನಿಂದ ಹುಟ್ಟು ಹಾಕುತ್ತ ಹೋಗುತ್ತಿದ್ದ. ಅಲೆಗಳೆಲ್ಲ ಗಡಗಡ ಎನ್ನುತ್ತಿದ್ದವು. ಕೈ ನಡುಗುತ್ತಿರಲಿಲ್ಲ. ಇಷ್ಟು ಸುಖ ಅವನು ಯಾವ ಕಾಲದಲ್ಲೂ ಕಂಡಿರಲಿಲ್ಲ. ಆಮೇಲೆ ಎಲ್ಲೋ ಗಿರಣಿಯ ಬೆಲ್ಟು ಜಾರಿತು. ಅಲೆಗಳು ಒಂದೊಂದಾಗಿ ಸುಮ್ಮನಾದವು. ದೋಣಿ ನಿಂತಿತು.

ಗಡಿಯಾರದಣ್ಣ ಬೆಚ್ಚಿ ಎದ್ದು ಕೂತ. ಮಲಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಸುತ್ತಲೂ ಮೌನ. ಗುಡ್ಡದ ಕೋಣೆಗಿಂತ, ಬಲೆಯ ಗೋದಾಮಿಗಿಂತ ದಪ್ಪನೆಯ ಮೌನ.

ಕಿಟಕಿಯಿಂದ ಇಣುಕಿದ. ಕೆಳಗೆ ಹರಾಜು ನಡೆಯುತ್ತಿತ್ತು. ಆದರೆ ಗುಡುಗಪ್ಪ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೆರಳು ಎತ್ತುತ್ತಿದ್ದ. ಕೊಳ್ಳುವವರು ಹುಬ್ಬು ಹಾರಿಸುತ್ತಿದ್ದರು. ಬುಟ್ಟಿ ಹೊರುವವರು ಬರಿಗಾಲಲ್ಲಿ, ತುದಿಬೆರಳ ಮೇಲೆ ನಡೆಯುತ್ತಿದ್ದರು. ಬರುತ್ತಿದ್ದ ದೋಣಿಗಳು ದೂರದಲ್ಲೇ ಇಂಜಿನ್ ಆರಿಸಿ ಹಗ್ಗದಲ್ಲಿ ಎಳೆಸಿಕೊಂಡು ತೇಲಿ ಬರುತ್ತಿದ್ದವು. ಯಂತ್ರ ನಿಲ್ಲಿಸಿ, ಐಸಿನ ಗಡ್ಡೆಗೆ ಗೋಣಿ ಸುತ್ತಿ ಮರದ ಸುತ್ತಿಗೆಯಿಂದ ಮೆತ್ತಗೆ ಬಡಿಯುತ್ತಿದ್ದರು. ಬಲೆಯಜ್ಜ ದೂರದ ದಂಡೆಯಲ್ಲಿ ನಿಂತು ಹಕ್ಕಿಗಳಿಗೆ ಮೀನೆಸೆಯುತ್ತಿದ್ದ, ಅವು ಇತ್ತ ಬಂದು ಕಿರುಚದಿರಲಿ ಎಂದು. ಮೆಟ್ಟಿಲ ಬಳಿ ಒಂದು ಹಲಗೆ, ಸೀಮೆಸುಣ್ಣದಲ್ಲಿ ಬರೆದದ್ದು: 'ಮೇಲೆ ಮಲಗಿದ್ದಾರೆ. ಸದ್ದು ಮಾಡಬೇಡಿ.'

ಅವನಿಗೆ ಅಳು ಬಂತು. ಅಷ್ಟು ಒಳ್ಳೆಯ ಜನ, ಅಷ್ಟು ಕೆಟ್ಟ ಉಪಕಾರ. ಇವತ್ತು ಹೇಳಿಬಿಡುತ್ತೇನೆ, ಮಾನ ಹೋದರೆ ಹೋಗಲಿ ಎಂದು ಬಾಗಿಲು ತೆರೆದ. ಮೆಟ್ಟಿಲು ಕಿರ್ ಎಂದಿತು. ಬಂದರಿಗೆ ಬಂದರೇ ತಿರುಗಿ ನೋಡಿತು.

"ಎದ್ದುಬಿಟ್ರಾ?" ಅಕ್ಕ ಪಿಸುಗುಟ್ಟಿದಳು. "ಯಾರೋ ಅದು ಸೀನಿದ್ದು?"

"ಅಕ್ಕ, ಅದು ಹಾಗಲ್ಲ, ನನಗೆ ಸದ್ದು..."

"ಗೊತ್ತಣ್ಣ. ಸದ್ದು ಅಂದ್ರೆ ನಿಮಗಾಗಲ್ಲ. ನೀವೇನೂ ಚಿಂತೆ ಮಾಡಬೇಡಿ. ಇನ್ಮೇಲೆ ದಿನಾ ಹೀಗೇ."

"ನನಗೂ ಒಳ್ಳೇದೇ ಆಯ್ತು," ಎಂದ ಗುಡುಗಪ್ಪ ಬಟ್ಟೆ ಸರಿಸಿ, ಮಗುವಿನಂಥ ದನಿಯಲ್ಲಿ. "ಇಪ್ಪತ್ತು ವರ್ಷ ಕೂಗಿ ಗಂಟಲು ಹರಿದಿತ್ತು. ಕೈಸನ್ನೇಲಿ ಮೀನು ಬೇಗ ಹೋಯ್ತು, ಒಂದು ಜಗಳಾನೂ ಆಗ್ಲಿಲ್ಲ."

ಗಡಿಯಾರದಣ್ಣ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾಲ್ಕು ಗಂಟೆ ಬಸ್ಸಿಳಿದು, ಕೈಚೀಲ ಹಿಡಿದು ಹೆಂಡತಿ ಬಂದೇಬಿಟ್ಟಳು. ಹಲಗೆ ಓದಿದಳು. ಬಂದರನ್ನೊಮ್ಮೆ ನೋಡಿದಳು. ಮೆಲ್ಲಗೆ ಒಂದು ಕಿವಿಯ ಹತ್ತಿ ತೆಗೆದಳು, ಆಮೇಲೆ ಇನ್ನೊಂದು ಕಿವಿಯದು.

"ರೀ, ನೀವು ಮಲಗಿದ್ರಾ?"

"ಅರ್ಧ ಗಂಟೆ. ಏಳೋ ಮನಸ್ಸೇ ಇರಲಿಲ್ಲ," ಎಂದು ಅಕ್ಕನೇ ಉತ್ತರ ಕೊಟ್ಟಳು.

ಹೆಂಡತಿ ಮೇಲೆ ಬಂದು, ಐದು ನಿಮಿಷ ಬೆನ್ನು ಚಾಚುತ್ತೇನೆಂದು ಚಾಪೆಯ ಮೇಲೆ ಒರಗಿದಳು. ಒರಗಿದವಳು ಹಾಗೇ ನಿದ್ದೆಹೋದಳು. ಗಡಿಯಾರದಣ್ಣ ಪಕ್ಕದಲ್ಲಿ ಅಲುಗದೆ ಕೂತ. ಗೊರಕೆಯನ್ನಾದರೂ ಹೊಡೆದಾಳೆ, ಅದರ ಆಸರೆಯಲ್ಲಿ ತನಗೂ ಒಂದು ಜೊಂಪು ಹತ್ತೀತು ಎಂದು ಕಿವಿಗೊಟ್ಟು ಕೇಳಿದ. ಉಸಿರು ಕೂಡ ಕೇಳಿಸಲಿಲ್ಲ. ಮುಖ ಮಾತ್ರ ಮದುವೆಯಾದ ಹೊಸತರಲ್ಲಿ ಇದ್ದಂತೆ ಇತ್ತು. ಎಷ್ಟು ಚೆಂದ ಇದ್ದಾಳೆ ಅನ್ನಿಸಿತು ಅವನಿಗೆ.

ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಸೇರುವ ಹೊತ್ತಿಗೆ ಅವಳು ಎದ್ದಳು. ಕಣ್ಣು ತುಂಬಿತ್ತು.

"ಮೂವತ್ತು ವರ್ಷಕ್ಕೆ ಇವತ್ತು ನಿದ್ದೆ ಬಂತು ನೋಡಿ. ನಿಮಗೆ ವಾಸಿಯಾಯ್ತು ಅಂತ ತಿಳಿದ ಕೂಡಲೇ ನನ್ನ ತಲೆಯೊಳಗಿನ ಗಿರಣೀನೂ ನಿಂತುಹೋಯ್ತು. ಇನ್ನು ಈ ಮನೆ ಬಿಟ್ಟು ನಾನು ಎಲ್ಲಿಗೂ ಬರಲ್ಲ." ಆಮೇಲೆ ಅವನ ಮುಖ ನೋಡಿ, "ಯಾಕೆ, ನೀವು ಏನೋ ಹೇಳಬೇಕು ಅಂತಿದ್ರಿ?" ಎಂದಳು.

"ಏನೂ ಇಲ್ಲ ಕಣೇ. ಗಾಳಿ ಚೆನ್ನಾಗಿದೆ ಅಂತ," ಎಂದ ಗಡಿಯಾರದಣ್ಣ.

ಆಗ ಬಾಗಿಲ ಮೇಲೆ ಬೆರಳಿನ ಮೆತ್ತನೆಯ ಸದ್ದಾಯಿತು. ಅಕ್ಕ, ಬಲೆಯಜ್ಜ, ಗುಡುಗಪ್ಪ ಮೂವರೂ ತುದಿಗಾಲಲ್ಲಿ ಒಳಗೆ ಬಂದರು. ಗುಡುಗಪ್ಪನ ಕೈಯಲ್ಲಿ ಒಂದು ಬಿಳಿ ಹಾಳೆ.

"ಈ ಐಸ್ ಯಂತ್ರಾನ ಧಕ್ಕೆಯ ಆ ತುದಿಗೆ ಕಳಿಸಬೇಕು ಅಂತ ಬಂದರಿನ ಕಚೇರಿಗೆ ಒಂದು ಅರ್ಜಿ ಕೊಡೋಣ ಅಂತಿದ್ದೀವಿ," ಎಂದ ಪಿಸುದನಿಯಲ್ಲಿ. "ಎಲ್ಲರೂ ಸಹಿ ಹಾಕ್ತಾರೆ. ನಮ್ಮ ಅಕ್ಷರ ಮಾತ್ರ ಕೋಳಿ ಕೆದರಿದ ಹಾಗಿರುತ್ತೆ."

"ಅದಕ್ಕೇನಂತೆ, ಇವರ ಅಕ್ಷರ ಮುತ್ತಿನ ಹಾಗಿದೆ," ಎಂದಳು ಹೆಂಡತಿ, ಚೀಲದಿಂದ ಪೆನ್ನು ತೆಗೆದು ಗಂಡನ ಕೈಗಿಡುತ್ತ. "ಒಕ್ಕಣೆ ನಾನು ಹೇಳ್ತೀನಿ. ನೀವು ಬರೀರಿ."

ಗಡಿಯಾರದಣ್ಣನ ತಲೆ ತಾನಾಗಿಯೇ ಆಡಿತು. ಕೈ ನಡುಗುತ್ತಿದ್ದರೂ ಬರೆದ. ಬರೆದು ಮುಗಿಸಿ ಎಲ್ಲರಿಗಿಂತ ಮೊದಲು ಸಹಿ ಹಾಕಿದ.